ಗಡಿಯಾರಕ್ಕೆ ಸಿಗದ ಓಟ

ಚೆಂಡಾಟವನ್ನು ಕಿರುತೆರೆಗೆ ತರುವ ನಮ್ಮಂಥವರಿಗೆ ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಹೇಳಿಕೊಡುವ ಪಾಠವೊಂದಿದೆ: ಕ್ಯಾಮೆರಾ ಚೆಂಡಿನ ಬೆನ್ನು ಬಿಡಬಾರದು. ಚೆಂಡಿಲ್ಲದ ಕಡೆ ಏನು ನಡೆಯಿತೆಂದು ಮನೆಯಲ್ಲಿ ಕುಳಿತ ವೀಕ್ಷಕರು ಕೇಳುವುದಿಲ್ಲ. ಈ ಪಾಠ ಎಷ್ಟು ಅರೆಬರೆಯೆಂದು ನನಗೆ ಅರಿವಾದದ್ದು ಅಮೆರಿಕನ್ ಫುಟ್‌ಬಾಲ್ ಪಂದ್ಯಗಳ ಮುದ್ರಿಕೆಗಳನ್ನು ನೋಡತೊಡಗಿದಾಗ. ಆ ಆಟದಲ್ಲಿ ಚೆಂಡನ್ನು ಅಪರೂಪಕ್ಕಷ್ಟೇ ಮುಟ್ಟುವ ಒಬ್ಬ ಆಟಗಾರನಿದ್ದಾನೆ. ಚೆಂಡು ಎಸೆಯಬೇಕಾದವನನ್ನು ಎಸೆಯುವ ಮೊದಲೇ ನೆಲಕ್ಕೆ ಕೆಡವುವುದು ಇವನ ಕಸುಬು. ಕಾಲೇಜಿನಲ್ಲಿ ಆಡುವ ಇಂಥ ತರುಣನೊಬ್ಬ ವೃತ್ತಿಪರ ಆಟದಲ್ಲಿ ಗೆಲ್ಲುವನೋ ಸೋಲುವನೋ ಎಂದು ಮೊದಲೇ ಹೇಳಲು ಸಾಧ್ಯವೆ?

ಎರಡು ಉದಾಹರಣೆಗಳನ್ನು ನೋಡಿ. 2002ರಲ್ಲಿ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಟೆರೆಲ್ ಸಗ್ಸ್ ಒಂದೇ ಋತುವಿನಲ್ಲಿ 24 ಸಲ ಎದುರಾಳಿಯನ್ನು ಹೀಗೆ ಕೆಡವಿದ. ಆದರೆ ಆಯ್ಕೆಗೆ ಮುಂಚಿನ ಪರೀಕ್ಷೆಯಲ್ಲಿ 40 ಗಜ ಓಡಲು ಅವನಿಗೆ 4.8 ಸೆಕೆಂಡಿಗಿಂತ ಹೆಚ್ಚು ಹಿಡಿಯಿತು. ನಿಧಾನ ಎಂದು ಹಲವರು ತಲೆಯಾಡಿಸಿದರು. 2007ರಲ್ಲಿ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ವರ್ನನ್ ಗೋಲ್‌ಸ್ಟನ್ 14 ಸಲ ಕೆಡವಿ ತನ್ನ ವಿಶ್ವವಿದ್ಯಾಲಯದ ದಾಖಲೆ ಬರೆದ. ಪರೀಕ್ಷೆಯ ದಿನ 225 ಪೌಂಡ್, ಅಂದರೆ ಸುಮಾರು 102 ಕಿಲೋ ಭಾರವನ್ನು ಮಲಗಿಕೊಂಡು 37 ಸಲ ಎತ್ತಿದ. ಅವನ ಮೈಕಟ್ಟು ಕಂಡವರೆಲ್ಲ ಬೆರಗಾದರು. ವೃತ್ತಿಪರ ಆಟದಲ್ಲಿ ಸಗ್ಸ್‌ನ ಲೆಕ್ಕ 139ಕ್ಕೆ ಮುಟ್ಟಿತು. ಗೋಲ್‌ಸ್ಟನ್ ಮೂರು ಋತುಗಳಲ್ಲಿ 45 ಪಂದ್ಯಗಳನ್ನಾಡಿದ. ಅವನ ಲೆಕ್ಕ ಸೊನ್ನೆ.

ಇಲ್ಲಿ ಎಡವಿದ್ದು ಯಾರು? ಇದಕ್ಕೆ ಉತ್ತರ ಹುಡುಕಬೇಕಾದರೆ ಆಟವನ್ನೂ ಅಳತೆಯ ಇತಿಹಾಸವನ್ನೂ ಸ್ವಲ್ಪ ತಿಳಿಯಬೇಕು.

ಅಮೆರಿಕನ್ ಫುಟ್‌ಬಾಲ್ ಎಂದರೆ ನಾವು ಕಾಲಿನಿಂದ ಒದ್ದು ಆಡುವ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ. ಎರಡೂ ಕಡೆ ಹನ್ನೊಂದು ಜನ. ಚೆಂಡು ಪಡೆದ ತಂಡ ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೆ ಸಾಗಬೇಕು. ಆ ತಂಡದ ನಾಯಕಸ್ಥಾನದಲ್ಲಿ ನಿಂತು ಚೆಂಡು ಎಸೆಯುವವನು ಕ್ವಾರ್ಟರ್‌ಬ್ಯಾಕ್. ಅವನ ಮುಂದೆ ಐವರು ದೈತ್ಯರು ಗೋಡೆಯಂತೆ ನಿಂತು ಕಾಯುತ್ತಾರೆ. ಎದುರಾಳಿ ತಂಡದ ಮುಂಚೂಣಿಯಲ್ಲಿ ಮೂವರೋ ನಾಲ್ವರೋ ನೆಲಕ್ಕೆ ಕೈಯೂರಿ ಬಾಗಿರುತ್ತಾರೆ. ಅವರ ಹಿಂದೆ ಅಥವಾ ಅಂಚಿನಲ್ಲಿ, ಕೈಯೂರದೆ ನಿಂತು ನೋಡುತ್ತಿರುವವನು ಲೈನ್‌ಬ್ಯಾಕರ್. ಚೆಂಡು ಎಸೆಯಲು ಕ್ವಾರ್ಟರ್‌ಬ್ಯಾಕ್‌ಗೆ ಸಿಗುವ ಕಾಲ ಸಾಮಾನ್ಯವಾಗಿ ಎರಡೂವರೆಯಿಂದ ಮೂರು ಸೆಕೆಂಡು. ಅಷ್ಟರಲ್ಲಿ ಗೋಡೆಯನ್ನು ಸುತ್ತಿಯೋ ಭೇದಿಸಿಯೋ ಅವನನ್ನು ಉರುಳಿಸಿದರೆ ಅದು ಒಂದು ‘ಸ್ಯಾಕ್’.

ಕಾಲೇಜುಗಳಿಂದ ವೃತ್ತಿಪರ ತಂಡಗಳಿಗೆ ಆಟಗಾರರನ್ನು ಹಂಚುವ ಏರ್ಪಾಡಿಗೆ ‘ಡ್ರಾಫ್ಟ್’ ಎಂದು ಹೆಸರು. ಹಿಂದಿನ ವರ್ಷ ತೀರ ಸೋತ ತಂಡಕ್ಕೆ ಮೊದಲ ಆಯ್ಕೆಯ ಹಕ್ಕು. ಫಿಲಡೆಲ್ಫಿಯಾ ತಂಡದ ಒಡೆಯ ಬರ್ಟ್ ಬೆಲ್ ಅವರ ಈ ಕಲ್ಪನೆ ಮೊದಲು ಕಾರ್ಯಕ್ಕೆ ಬಂದದ್ದು 1936ರ ಫೆಬ್ರವರಿ 8ರಂದು, ಅದೇ ಊರಿನ ಹೋಟೆಲೊಂದರಲ್ಲಿ. ಒಂದು ಹಲಗೆಯ ಮೇಲೆ 90 ಹೆಸರುಗಳನ್ನು ಬರೆದಿದ್ದರು. ಒಂಬತ್ತು ತಂಡಗಳು ಸೇರಿ 81 ಜನರನ್ನು ಆರಿಸಿಕೊಂಡವು. ಆರಿಸಿದವರಲ್ಲಿ ಹೆಚ್ಚಿನವರು ಈ ತರುಣರ ಆಟವನ್ನು ಕಣ್ಣಾರೆ ಕಂಡವರೇ ಅಲ್ಲ. ಪತ್ರಿಕೆಯ ವರದಿ, ಪರಿಚಯದ ತರಬೇತುದಾರರ ಮಾತು, ಅಷ್ಟೇ ಆಧಾರ. ಆ ದಿನ ಮೊಟ್ಟಮೊದಲು ಆಯ್ಕೆಯಾದ ಜೇ ಬರ್ವಾಂಗರ್ ವೃತ್ತಿಪರ ಪಂದ್ಯ ಒಂದನ್ನೂ ಆಡಲಿಲ್ಲ. ಪೂರ್ಣಾವಧಿಯ ಸ್ಕೌಟ್ ಒಬ್ಬರನ್ನು, ಅಂದರೆ ಊರೂರು ತಿರುಗಿ ಆಟಗಾರರನ್ನು ಗುರುತಿಸುವವರನ್ನು ಒಂದು ತಂಡ ನೇಮಿಸಿಕೊಳ್ಳಲು ಮತ್ತೆ ಹತ್ತು ವರ್ಷ ಬೇಕಾಯಿತು.

ಸ್ಕೌಟ್‌ಗಳು ಬಂದರೂ ತೊಡಕು ತಪ್ಪಲಿಲ್ಲ. ಒಬ್ಬ ಸ್ಕೌಟ್ ‘ಚುರುಕು’ ಎಂದು ಬರೆದರೆ ಇನ್ನೊಬ್ಬನ ‘ಚುರುಕು’ ಅದೇ ಆಗಿರಬೇಕಿಲ್ಲ. ಒಬ್ಬ ಉದಾರಿ, ಇನ್ನೊಬ್ಬ ಜಿಪುಣ. ನೂರಾರು ಕಾಲೇಜುಗಳು, ಸಾವಿರಾರು ಆಟಗಾರರು. ಯಾರನ್ನು ಯಾರೊಡನೆ ಹೋಲಿಸುವುದು? ಈ ಗೊಂದಲಕ್ಕೆ ದಾರಿ ಹುಡುಕಿದವರಲ್ಲಿ ಒಬ್ಬ ಭಾರತೀಯರಿದ್ದರು ಎಂಬುದು ನಮ್ಮಲ್ಲಿ ಬಹಳ ಜನಕ್ಕೆ ತಿಳಿಯದು.

ಡಲ್ಲಾಸ್ ಕೌಬಾಯ್ಸ್ ತಂಡದ ವ್ಯವಸ್ಥಾಪಕ ಟೆಕ್ಸ್ ಶ್ರಾಮ್ ಅದಕ್ಕೆ ಮೊದಲು ನಮ್ಮ ಕಸುಬಿನವರೇ, ಸಿಬಿಎಸ್ ದೂರದರ್ಶನ ಸಂಸ್ಥೆಯ ಕ್ರೀಡಾ ವಿಭಾಗದಲ್ಲಿದ್ದವರು. 1960ರ ಚಳಿಗಾಲದ ಒಲಿಂಪಿಕ್ಸ್ ಪ್ರಸಾರದ ವೇಳೆ ಐಬಿಎಂ ಗಣಕಯಂತ್ರಗಳು ಫಲಿತಾಂಶಗಳನ್ನು ಹೊರಹಾಕುವ ಪರಿಯನ್ನು ಅವರು ಹತ್ತಿರದಿಂದ ಕಂಡಿದ್ದರು. ಆಟಗಾರರ ಆಯ್ಕೆಗೂ ಈ ಯಂತ್ರ ಏಕೆ ಬರಬಾರದು ಎಂದು ಐಬಿಎಂನ ಅಂಗಸಂಸ್ಥೆಯೊಂದರ ಬಾಗಿಲು ತಟ್ಟಿದರು. ಆ ಕೆಲಸ ಬಂದದ್ದು ಸಲಾಂ ಖುರೇಷಿ ಎಂಬ ಸಂಖ್ಯಾಶಾಸ್ತ್ರಜ್ಞರ ಮೇಜಿಗೆ. ಭಾರತದಿಂದ ಹೋದ ಅವರಿಗೆ ಕ್ರಿಕೆಟ್ ಗೊತ್ತಿತ್ತು; ಅಮೆರಿಕನ್ ಫುಟ್‌ಬಾಲ್‌ನ ಗಂಧಗಾಳಿಯೂ ಇರಲಿಲ್ಲ.

ಗೊತ್ತಿಲ್ಲದ್ದೇ ಒಳ್ಳೆಯದಾಯಿತೆಂದು ನನಗನ್ನಿಸುತ್ತದೆ. ಗೊತ್ತಿದ್ದವರು ಕೇಳಲು ನಾಚುವ ಪ್ರಶ್ನೆಗಳನ್ನು ಅವರು ಕೇಳಿದರು. ಒಳ್ಳೆಯ ಆಟಗಾರ ಎಂದರೇನು? ಅದನ್ನು ಹೇಗೆ ತಿಳಿಯುತ್ತೀರಿ? ತರಬೇತುದಾರರು, ಸ್ಕೌಟ್‌ಗಳು ನೂರಾರು ಗುಣಗಳ ಪಟ್ಟಿಯನ್ನೇ ಮುಂದಿಟ್ಟರು. ಆ ಕಾಲದ ಗಣಕಯಂತ್ರಕ್ಕೆ ಅಷ್ಟನ್ನು ನುಂಗುವ ಶಕ್ತಿಯಿರಲಿಲ್ಲ. ಒಂದೇ ಅರ್ಥದ ಗುಣಗಳನ್ನು ಕೂಡಿಸಿ, ಮಸುಕಾದವನ್ನು ಬಿಟ್ಟು, ಕೊನೆಗೆ ಐದು ಉಳಿದವು: ನಡತೆ, ಚುರುಕು ಮತ್ತು ಮೈಹತೋಟಿ, ಸ್ಪರ್ಧಾ ಮನೋಭಾವ, ಬುದ್ಧಿಯ ಎಚ್ಚರ, ಬಲ ಮತ್ತು ಅದನ್ನು ಒಮ್ಮೆಲೇ ಸಿಡಿಸುವ ಶಕ್ತಿ. ಪಟ್ಟಿಯನ್ನು ಇನ್ನೊಮ್ಮೆ ಓದಿ. ಇದರಲ್ಲಿ ಗಡಿಯಾರಕ್ಕೂ ತಕ್ಕಡಿಗೂ ಸಿಗುವುದು ಎಷ್ಟು? ಅರ್ಧಕ್ಕಿಂತ ಕಡಿಮೆ. ಗಣಕಯಂತ್ರ ಬಂತೆಂದ ಮೇಲೆ ಮನುಷ್ಯನ ಕಣ್ಣಿಗೆ ಕೆಲಸವಿಲ್ಲ ಎಂದುಕೊಂಡವರು ಖುರೇಷಿಯವರ ಕೆಲಸವನ್ನು ಸರಿಯಾಗಿ ನೋಡಿಲ್ಲ. ಕಣ್ಣು ಕಂಡದ್ದನ್ನು ಎಲ್ಲರೂ ಒಂದೇ ಮಾತಿನಲ್ಲಿ ಹೇಳುವಂತೆ ಮಾಡಿದ್ದೇ ಅವರ ಸಾಧನೆ.

ಅಲ್ಲಿಯವರೆಗೆ ಲೈನ್‌ಬ್ಯಾಕರ್ ಎಂದರೆ ಹಿಂದೆ ನಿಂತು, ಎದುರಾಳಿಯ ಆಟವನ್ನು ಓದಿಕೊಂಡು, ಆಮೇಲೆ ನುಗ್ಗುವವನು. 1981ರಲ್ಲಿ ಇದು ಬದಲಾಯಿತು. ಬದಲಾಯಿಸಿದವನು ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಲಾರೆನ್ಸ್ ಟೇಲರ್. ಶಾಲೆಯಲ್ಲಿ ತಡವಾಗಿ ಈ ಆಟಕ್ಕೆ ಬಂದವನು. ಕಾಲೇಜಿನಲ್ಲೂ ಮೊದಲು ಮುಂಚೂಣಿಯಲ್ಲಿ ಆಡಿ, ಆಮೇಲೆ ಲೈನ್‌ಬ್ಯಾಕರ್ ಸ್ಥಾನಕ್ಕೆ ಸರಿದವನು. 1980ರ ಋತುವಿನಲ್ಲಿ 16 ಸ್ಯಾಕ್ ಗಳಿಸಿದ್ದ. ಡ್ರಾಫ್ಟ್‌ನಲ್ಲಿ ಮೊದಲ ಹಕ್ಕು ಪಡೆದಿದ್ದ ನ್ಯೂ ಆರ್ಲಿಯನ್ಸ್ ತಂಡ ಚೆಂಡು ಹಿಡಿದು ಓಡುವ ಜಾರ್ಜ್ ರಾಜರ್ಸ್‌ನನ್ನು ಆರಿಸಿತು. ಎರಡನೆಯ ಹಕ್ಕಿನ ನ್ಯೂಯಾರ್ಕ್ ಜಯಂಟ್ಸ್ ಟೇಲರ್‌ನನ್ನು ಬಾಚಿಕೊಂಡಿತು.

ಜಯಂಟ್ಸ್ ತಂಡ ಮುಂಚೂಣಿಯಲ್ಲಿ ಮೂವರನ್ನೂ ಅವರ ಹಿಂದೆ ನಾಲ್ವರು ಲೈನ್‌ಬ್ಯಾಕರ್‌ಗಳನ್ನೂ ನಿಲ್ಲಿಸುತ್ತಿತ್ತು. ಅಂಚಿನಲ್ಲಿ ನಿಂತ ಟೇಲರ್ ನುಗ್ಗುವನೋ, ಹಿಂದೆ ಸರಿದು ಎಸೆತವನ್ನು ತಡೆಯುವನೋ ಎದುರಾಳಿಗೆ ತಿಳಿಯುತ್ತಿರಲಿಲ್ಲ. ನುಗ್ಗಿದಾಗ ಅವನನ್ನು ಎದುರಿಸುವ ಹೊಣೆ ಬಹಳ ಸಲ ಓಟಗಾರನ ಮೇಲೋ ಚೆಂಡು ಹಿಡಿಯುವವನ ಮೇಲೋ ಬೀಳುತ್ತಿತ್ತು. ಆರಡಿ ಮೂರಂಗುಲದ ಟೇಲರ್ ಅವರನ್ನು ಬಾಗಿಲ ಪರದೆಯಂತೆ ಸರಿಸಿ ಒಳಗೆ ಬಂದ. ಮೊದಲ ವರ್ಷವೇ ಅತ್ಯುತ್ತಮ ಹೊಸ ರಕ್ಷಣಾ ಆಟಗಾರ, ಅತ್ಯುತ್ತಮ ರಕ್ಷಣಾ ಆಟಗಾರ, ಎರಡೂ ಪ್ರಶಸ್ತಿ ಅವನಿಗೇ. 1982ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ತಂಡದ ಬಿಲ್ ವಾಲ್ಷ್, ಜಾನ್ ಏಯರ್ಸ್ ಎಂಬ ಬಲಿಷ್ಠ ಗಾರ್ಡ್‌ನನ್ನು ಹಿಂದಕ್ಕೆ ಸರಿಸಿ ಟೇಲರ್‌ಗೆ ಎದುರು ನಿಲ್ಲಿಸಿ ಪಂದ್ಯ ಗೆದ್ದರು. ವಾಷಿಂಗ್ಟನ್ ತಂಡದ ಜೋ ಗಿಬ್ಸ್ ತಮ್ಮ ವ್ಯೂಹವನ್ನೇ ತಿದ್ದಿಕೊಂಡು ಅಂಚಿಗೆ ಹೆಚ್ಚಿನ ಕಾವಲು ಹಾಕಿದರು. ಒಬ್ಬ ಆಟಗಾರನಿಗಾಗಿ ಎದುರಾಳಿಗಳು ಆಟದ ಮನೆಯ ಕಂಬಗಳನ್ನೇ ಜರುಗಿಸಿದ ನಿದರ್ಶನಗಳು ಹೆಚ್ಚಿಲ್ಲ. ಕ್ವಾರ್ಟರ್‌ಬ್ಯಾಕ್‌ನ ಬೆನ್ನ ಹಿಂದಿನ ಮಗ್ಗುಲು ಕಾಯುವ ಎಡಭಾಗದ ಟ್ಯಾಕಲ್‌ಗೆ ಆಮೇಲೆ ಬೆಲೆ ಏರಿದ್ದಕ್ಕೂ ಇದೇ ಒಂದು ಕಾರಣ.

ಇಲ್ಲೊಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಖುರೇಷಿಯವರ ಪಟ್ಟಿಯಲ್ಲಿ ನಡತೆಯೂ ಇತ್ತಲ್ಲ. ಮಾದಕ ವಸ್ತುವಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು 1988ರ ಮೊದಲ ನಾಲ್ಕು ಪಂದ್ಯಗಳಿಗೆ ಟೇಲರ್ ನಿಷೇಧಕ್ಕೊಳಗಾದ. ಉಳಿದ ಹನ್ನೆರಡು ಪಂದ್ಯಗಳಲ್ಲಿ 15.5 ಸ್ಯಾಕ್ ಗಳಿಸಿದ. ಇಬ್ಬರು ಸೇರಿ ಕೆಡವಿದರೆ ತಲಾ ಅರ್ಧ. ಆ ಅರ್ಧ ಬಂದದ್ದು ಹಾಗೆ. ಅವನ ನಡತೆಯ ಅಂಕಣದಲ್ಲಿ ಏನು ಬರೆಯುವುದು, ಅದನ್ನು ಯಾವ ಅಂಕಣದೊಡನೆ ಕೂಡುವುದು ಎಂದು ಯಾವ ಯಂತ್ರ ಹೇಳೀತು?

ಟೇಲರ್ ಬಂದ ಮೇಲೆ ಎಲ್ಲ ತಂಡಗಳಿಗೂ ಇನ್ನೊಬ್ಬ ಟೇಲರ್ ಬೇಕಾದ. ಅದೇ ಹೊತ್ತಿಗೆ ಅಳತೆಯ ಹಬ್ಬವೂ ಶುರುವಾಯಿತು. 1982ರಲ್ಲಿ ಫ್ಲಾರಿಡಾದ ಟ್ಯಾಂಪಾದಲ್ಲಿ 163 ತರುಣರನ್ನು ಒಟ್ಟಿಗೆ ಕರೆಸಿ ಪರೀಕ್ಷಿಸಿದರು. 1985ರಿಂದ ಎಲ್ಲ ತಂಡಗಳಿಗೂ ಸೇರಿ ಒಂದೇ ಶಿಬಿರ, 1987ರಿಂದ ಅದು ಇಂಡಿಯಾನಾಪೊಲಿಸ್ ನಗರದಲ್ಲಿ. ಇದೇ ‘ಕಂಬೈನ್’. ಮೊದಲ ಉದ್ದೇಶ ವೈದ್ಯಕೀಯ ತಪಾಸಣೆ; ಮುರಿದ ಮಂಡಿಯನ್ನು ಎಲ್ಲ ವೈದ್ಯರೂ ಒಂದೇ ಕಡೆ ನೋಡಲಿ ಎಂದು. ಕ್ರಮೇಣ ಓಟ, ನೆಗೆತ, ಭಾರ ಎತ್ತುವಿಕೆಗಳೇ ಮೆರೆದವು. ಚಡ್ಡಿ ತೊಟ್ಟ ಇಪ್ಪತ್ತೆರಡರ ಹುಡುಗ ವೇದಿಕೆ ಏರುತ್ತಾನೆ. ಅವನ ಎತ್ತರ, ತೂಕ, ತೋಳಿನ ಉದ್ದ, ಅಂಗೈಯ ಅಗಲವನ್ನು ಅಳೆದು ಕೂಗಿ ಹೇಳುತ್ತಾರೆ. ಕೆಳಗೆ ಕುಳಿತವರು ಬರೆದುಕೊಳ್ಳುತ್ತಾರೆ. ನೋಡಲು ನನಗೆ ಹಿತವೆನಿಸುವ ದೃಶ್ಯವಲ್ಲ.

40 ಗಜದ ಓಟವನ್ನೇ ತೆಗೆದುಕೊಳ್ಳಿ. ಒದ್ದ ಚೆಂಡು ಗಾಳಿಯಲ್ಲಿ ಸುಮಾರು 40 ಗಜ ಹೋಗುತ್ತದೆ, ಅದರಡಿ ಓಡಿ ತಲುಪಬೇಕು ಎಂಬ ಲೆಕ್ಕದಲ್ಲಿ ಕ್ಲೀವ್‌ಲ್ಯಾಂಡ್‌ನ ಪಾಲ್ ಬ್ರೌನ್ ಈ ದೂರವನ್ನು ಬಳಕೆಗೆ ತಂದರೆಂದು ಹೇಳುತ್ತಾರೆ. ಒದ್ದ ಚೆಂಡಿನ ಹಿಂದೆ ಓಡುವವನಿಗೆ ಅದು ಸರಿ. ಆದರೆ ಕ್ವಾರ್ಟರ್‌ಬ್ಯಾಕ್‌ನತ್ತ ನುಗ್ಗುವವನು 40 ಗಜ ನೇರವಾಗಿ ಓಡುವುದು ಯಾವಾಗ? ಅವನ ದಾರಿ ಹತ್ತು ಗಜವನ್ನೂ ದಾಟುವುದು ಕಡಿಮೆ. ಅದೂ ನೇರವಲ್ಲ, ಮೈಮೇಲೆ ಬೀಳುವ ದೈತ್ಯನನ್ನು ಬಳಸಿಕೊಂಡು ಕಮಾನಿನಂತೆ ಬಾಗಿದ ದಾರಿ.

ವಿಜ್ಞಾನ ಓದಿದವನ ಚಟ, ಒಂದು ಲೆಕ್ಕ ಹಾಕಿ ನೋಡಿದೆ. ನೀವೂ ಹಾಕಬಹುದು, ಪಿಯುಸಿ ಮಟ್ಟದ್ದೇ. ಸೆಕೆಂಡಿಗೆ 5 ಮೀಟರ್ ವೇಗದಲ್ಲಿ, 3 ಮೀಟರ್ ತ್ರಿಜ್ಯದ ತಿರುವಿನಲ್ಲಿ ಒಬ್ಬ ಓಡುತ್ತಿದ್ದಾನೆ ಎನ್ನೋಣ. ಕೇಂದ್ರದ ಕಡೆಗಿನ ವೇಗೋತ್ಕರ್ಷ ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದಷ್ಟು, ಅಂದರೆ ಸುಮಾರು 8.3. ಗುರುತ್ವದ್ದು 9.8. ಇವೆರಡರ ಅನುಪಾತ 0.85. ಬೀಳದೆ ಓಡಬೇಕಾದರೆ ಅವನು ನೆಟ್ಟಗಿನ ಗೆರೆಯಿಂದ ಸುಮಾರು 40 ಡಿಗ್ರಿಯಷ್ಟು ಒಳಕ್ಕೆ ವಾಲಬೇಕು. ನೂರಕ್ಕೂ ಹೆಚ್ಚು ಕಿಲೋ ತೂಕದ ಮನುಷ್ಯ, ಇನ್ನೊಬ್ಬ ತಳ್ಳುತ್ತಿರುವಾಗ, ಹೀಗೆ ವಾಲಿಕೊಂಡು ಓಡಬೇಕು. ಕಣಕಾಲು, ಸೊಂಟಗಳ ಆ ಬಾಗುವಿಕೆಯನ್ನು ನೇರ ಓಟದ ಗಡಿಯಾರ ಹೇಗೆ ತಾನೆ ಹಿಡಿದೀತು? ಮೂರು ಶಂಕುಗಳನ್ನು ಸುತ್ತುವ ಪರೀಕ್ಷೆಯೊಂದು ಕಂಬೈನ್‌ನಲ್ಲಿದೆ, ಅದು ಇದಕ್ಕೆ ಸ್ವಲ್ಪ ಹತ್ತಿರ. ಆದರೆ ಶಂಕು ತಿರುಗಿ ಹೊಡೆಯುವುದಿಲ್ಲ.

1995ರಲ್ಲಿ ಬಾಸ್ಟನ್ ಕಾಲೇಜಿನ ಮೈಕ್ ಮಮುಲಾ ಎಂಬಾತ ಕಂಬೈನ್‌ಗೆ ಬಂದ. ಈ ಪರೀಕ್ಷೆಗಳನ್ನೇ ಗುರಿಯಾಗಿಟ್ಟುಕೊಂಡು ತಿಂಗಳುಗಟ್ಟಲೆ ಅಭ್ಯಾಸ ಮಾಡಿದ್ದ. ಆಗ ಅದು ವಾಡಿಕೆಯಲ್ಲ. 40 ಗಜವನ್ನು 4.58 ಸೆಕೆಂಡಿನಲ್ಲಿ ಓಡಿದ. 50 ಪ್ರಶ್ನೆಗಳ ಬುದ್ಧಿ ಪರೀಕ್ಷೆಯಲ್ಲಿ 49 ಅಂಕ ಬಂದುದಾಗಿ ವರದಿಯಾಯಿತು. (ಆ ಪರೀಕ್ಷೆಯನ್ನು ಕಂಬೈನ್ 2022ರಲ್ಲಿ ಕೈಬಿಟ್ಟಿತು.) ಫಿಲಡೆಲ್ಫಿಯಾ ತಂಡ ಮರುಳಾಗಿ, 12ನೆಯ ಸ್ಥಾನದಲ್ಲಿದ್ದ ತನ್ನ ಹಕ್ಕನ್ನೂ ಜೊತೆಗೆ ಎರಡನೆಯ ಸುತ್ತಿನ ಎರಡು ಹಕ್ಕುಗಳನ್ನೂ ಟ್ಯಾಂಪಾ ಬೇ ತಂಡಕ್ಕೆ ಕೊಟ್ಟು, 7ನೆಯ ಸ್ಥಾನಕ್ಕೆ ಏರಿ ಅವನನ್ನು ಆರಿಸಿತು. 12ನೆಯ ಸ್ಥಾನದಲ್ಲಿ ಟ್ಯಾಂಪಾ ಬೇ ಆರಿಸಿದ್ದು ವಾರನ್ ಸ್ಯಾಪ್‌ನನ್ನು. ಅದೇ ಸುತ್ತಿನಲ್ಲಿ ಆ ತಂಡ ಡೆರಿಕ್ ಬ್ರೂಕ್ಸ್‌ನನ್ನೂ ತಂದುಕೊಂಡಿತು. ಇಬ್ಬರೂ ಮುಂದೆ ಆಟದ ಗೌರವಮಂದಿರ ಸೇರಿದರು.

ಮಮುಲಾ ಐದು ಋತುಗಳಲ್ಲಿ 31.5 ಸ್ಯಾಕ್ ಗಳಿಸಿದ. ಅದು ಕಳಪೆಯೇನಲ್ಲ. ಆದರೂ ‘ಪರೀಕ್ಷೆಯ ವೀರ’ನಿಗೆ ಅವನ ಹೆಸರೇ ಅಡ್ಡಹೆಸರಾಗಿ ಉಳಿದುಬಿಟ್ಟಿತು. ಇದು ಅನ್ಯಾಯವೆಂದೇ ನನ್ನ ಎಣಿಕೆ. ಪ್ರಶ್ನೆಪತ್ರಿಕೆ ಹೇಗಿರುತ್ತದೆಂದು ತಿಳಿದು ಓದಿದ ಹುಡುಗನದೇನು ತಪ್ಪು? ಗೈಡ್ ನೋಡಿ ಬರೆಯಬಹುದಾದ ಪ್ರಶ್ನೆಗಳನ್ನೇ ಕೇಳಿ, ಬಂದ ಅಂಕವನ್ನೇ ಪಾಂಡಿತ್ಯವೆಂದು ನಂಬಿದವರು ತಲೆ ತಗ್ಗಿಸಬೇಕು.

ಹಾಗಾದರೆ ಪಂದ್ಯದ ಅಂಕಿ ಅಂಶಗಳನ್ನೇ ನಂಬಬಹುದೆ? ಅಲ್ಲೂ ನೆಲ ಜಾರುತ್ತದೆ. ವೃತ್ತಿಪರ ಆಟದಲ್ಲಿ ಸ್ಯಾಕ್ ಅಧಿಕೃತ ಲೆಕ್ಕಕ್ಕೆ ಸೇರಿದ್ದೇ 1982ರಲ್ಲಿ. ಟೇಲರ್‌ನ ಮೊದಲ ವರ್ಷದ 9.5 ಇಂದಿಗೂ ಪುಸ್ತಕದಲ್ಲಿಲ್ಲ. ಕಾಲೇಜು ಆಟದಲ್ಲಿ 2000ದವರೆಗೂ ಅಧಿಕೃತ ಲೆಕ್ಕವಿರಲಿಲ್ಲ. ಅಲಬಾಮಾದ ಡೆರಿಕ್ ಥಾಮಸ್ 1988ರಲ್ಲಿ 27 ಸಲ ಕೆಡವಿದ್ದರೂ, ‘ದಾಖಲೆ’ ಎಂಬ ಪಟ್ಟ ಸಗ್ಸ್‌ನ 24ಕ್ಕೆ ಸಿಕ್ಕಿದ್ದು ಹೀಗೆ. ಹಾಗೂ ಸ್ಯಾಕ್ ಎಂದರೆ ಎಲ್ಲವೂ ಒಂದೇ ತೂಕದ್ದಲ್ಲ. ದುರ್ಬಲ ಕಾಲೇಜಿನ ಬಡಪಾಯಿ ಕಾವಲುಗಾರನನ್ನು ದಾಟಿ ಬಂದದ್ದೂ ಒಂದೇ, ಮುಂದೆ ತಾನೂ ವೃತ್ತಿಪರನಾಗಲಿರುವವನನ್ನು ಸೋಲಿಸಿದ್ದೂ ಒಂದೇ. ಕ್ವಾರ್ಟರ್‌ಬ್ಯಾಕ್ ಐದು ಸೆಕೆಂಡು ಚೆಂಡು ಹಿಡಿದು ತಡವರಿಸಿದಾಗ ಸಿಕ್ಕ ಸ್ಯಾಕ್ ಕೂಡ ಪಟ್ಟಿಯಲ್ಲಿ ಒಂದು.

ಆದ್ದರಿಂದ ಒಳ್ಳೆಯ ಸ್ಕೌಟ್ ಪಂದ್ಯವನ್ನು ನಮ್ಮ ಪ್ರಸಾರದ ಮುದ್ರಿಕೆಯಲ್ಲಿ ನೋಡುವುದಿಲ್ಲ. ತಂಡಗಳು ತಮಗಾಗಿ ಎತ್ತರದಿಂದ ಚಿತ್ರೀಕರಿಸುವ ಬೇರೆಯೇ ಮುದ್ರಿಕೆಯಿದೆ. ಅದರಲ್ಲಿ ಇಪ್ಪತ್ತೆರಡು ಜನರೂ ಕಾಣುತ್ತಾರೆ, ವೀಕ್ಷಕ ವಿವರಣೆಯ ಗದ್ದಲವಿಲ್ಲ. ಅವನು ಸ್ಯಾಕ್ ಬಂದ ಕ್ಷಣಗಳಿಗಿಂತ ಬಾರದ ಕ್ಷಣಗಳನ್ನು ಹೆಚ್ಚು ನೋಡುತ್ತಾನೆ. ಚೆಂಡು ಕದಲಿದಾಗ ಈ ಹುಡುಗ ಮೊದಲು ಕದಲಿದನೆ, ಪಕ್ಕದವನನ್ನು ನೋಡಿ ಕದಲಿದನೆ? ಮೊದಲ ಪಟ್ಟು ಸೋತಾಗ ಎರಡನೆಯದು ಇದೆಯೆ, ಅಥವಾ ಎದೆಗೆ ಎದೆ ಕೊಟ್ಟು ನಿಂತುಬಿಡುತ್ತಾನೆಯೆ? ಕೈಗಳು ಏನು ಮಾಡುತ್ತಿವೆ? ಕೊನೆಯ ಕಾಲು ಭಾಗದಲ್ಲಿ, ಹದಿನೈದು ಅಂಕ ಹಿಂದಿದ್ದಾಗಲೂ ಓಡುತ್ತಾನೆಯೆ? ನುಗ್ಗುವ ಬದಲು ಹಿಂದೆ ಸರಿದು ಕಾಯಲು ಹೇಳಿದಾಗ ಕಕ್ಕಾಬಿಕ್ಕಿಯಾಗುತ್ತಾನೆಯೆ?

ಈ ಕೊನೆಯ ಪ್ರಶ್ನೆಯೇ ನಮ್ಮನ್ನು ಗೋಲ್‌ಸ್ಟನ್ ಮತ್ತು ಸಗ್ಸ್ ಹತ್ತಿರ ಮರಳಿ ತರುತ್ತದೆ. ಇಬ್ಬರೂ ಕಾಲೇಜಿನಲ್ಲಿ ಮುಂಚೂಣಿಯ ಅಂಚಿನಲ್ಲಿ ಆಡಿದವರು. 2003ರಲ್ಲಿ 10ನೆಯವನಾಗಿ ಸಗ್ಸ್‌ನನ್ನು ಆರಿಸಿದ ಬಾಲ್ಟಿಮೋರ್ ತಂಡವೂ, 2008ರಲ್ಲಿ 6ನೆಯವನಾಗಿ ಗೋಲ್‌ಸ್ಟನ್‌ನನ್ನು ಆರಿಸಿದ ನ್ಯೂಯಾರ್ಕ್ ಜೆಟ್ಸ್ ತಂಡವೂ ಅವರನ್ನು ಲೈನ್‌ಬ್ಯಾಕರ್ ಆಗಿ ಬದಲಾಯಿಸಲು ಹೊರಟವು. ಅಂದರೆ ಕೈಯೂರಿ, ಒಂದೇ ಗುರಿಯತ್ತ ಸಿಡಿಯುತ್ತಿದ್ದವನು ಈಗ ನಿಂತು, ನೋಡಿ, ತೀರ್ಮಾನಿಸಿ, ಆಮೇಲೆ ಸಿಡಿಯಬೇಕು. ಸಗ್ಸ್‌ಗೆ ಅದು ಒಲಿಯಿತು: ಮೊದಲ ವರ್ಷವೇ 12 ಸ್ಯಾಕ್, 2011ರಲ್ಲಿ ವರ್ಷದ ರಕ್ಷಣಾ ಆಟಗಾರ. ಗೋಲ್‌ಸ್ಟನ್‌ಗೆ ಒಲಿಯಲಿಲ್ಲ. 37 ಸಲ ಎತ್ತಿದ ತೋಳುಗಳು ಹಾಗೆಯೇ ಇದ್ದವು, ಕೆಲಸ ಬೇರೆಯಾಗಿತ್ತು. ಜೆಟ್ಸ್ ಬಿಟ್ಟ ಮೇಲೆ ಬೇರೆ ತಂಡಗಳು ಕರೆದರೂ, ಲೀಗ್‌ನ ಪಂದ್ಯ ಇನ್ನೊಂದನ್ನು ಆಡುವ ಅವಕಾಶ ಅವನಿಗೆ ಸಿಗಲಿಲ್ಲ. ಅವನನ್ನು ಸೋಮಾರಿ ಎಂದವರಿದ್ದಾರೆ. ಕೈಯೂರಿ ನುಗ್ಗುವ ಕೆಲಸವನ್ನೇ ಕೊಟ್ಟಿದ್ದರೆ ಏನಾಗುತ್ತಿತ್ತೆಂದು ಅವರು ಕೇಳಿಕೊಳ್ಳಬೇಕಿತ್ತು.

ತಪ್ಪು ಇನ್ನೊಂದು ದಿಕ್ಕಿನಲ್ಲೂ ಆಗುತ್ತದೆ. ಕೆಂಟ್ ಸ್ಟೇಟ್‌ನ ಜೇಮ್ಸ್ ಹ್ಯಾರಿಸನ್ ಕುಳ್ಳ ಎನಿಸಿಕೊಂಡು 2002ರ ಡ್ರಾಫ್ಟ್‌ನಲ್ಲಿ ಯಾರಿಗೂ ಬೇಡವಾದ. ತಂಡಗಳು ಸೇರಿಸಿಕೊಂಡು ಮತ್ತೆ ಮತ್ತೆ ಹೊರಗೆ ಹಾಕಿದವು. 2008ರಲ್ಲಿ ಅವನೇ ವರ್ಷದ ರಕ್ಷಣಾ ಆಟಗಾರ. ವಿಸ್ಕಾನ್ಸಿನ್‌ನ ಟಿ. ಜೆ. ವಾಟ್ ಕಾಲೇಜಿಗೆ ಬಂದದ್ದು ಚೆಂಡು ಹಿಡಿಯುವ ಸ್ಥಾನಕ್ಕೆ. ಮಂಡಿಗಳ ಗಾಯದಿಂದ ನರಳಿ, ಸ್ಥಾನ ಬದಲಿಸಿ, ಲೈನ್‌ಬ್ಯಾಕರ್ ಆಗಿ ಪೂರ್ತಿ ಆಡಿದ್ದು ಒಂದೇ ಋತು. 2017ರಲ್ಲಿ 29 ಜನ ಆಯ್ಕೆಯಾದ ಮೇಲೆ ಪಿಟ್ಸ್‌ಬರ್ಗ್ ತಂಡ ಅವನನ್ನು ಕರೆಯಿತು. 2021ರಲ್ಲಿ ಅವನು 22.5 ಸ್ಯಾಕ್ ಗಳಿಸಿ, ಇಪ್ಪತ್ತು ವರ್ಷ ಉಳಿದಿದ್ದ ದಾಖಲೆಯನ್ನು ಸರಿಗಟ್ಟಿದ.

ಡೆರಿಕ್ ಥಾಮಸ್‌ನ ಮಾತು ಮೇಲೆ ಬಂತು. 1989ರ ಡ್ರಾಫ್ಟ್‌ನಲ್ಲಿ 4ನೆಯವನಾಗಿ ಅವನು ಕಾನ್ಸಾಸ್ ಸಿಟಿ ತಂಡ ಸೇರಿದ. 1990ರ ನವೆಂಬರ್ 11ರಂದು ಸಿಯಾಟಲ್ ತಂಡದ ಕ್ವಾರ್ಟರ್‌ಬ್ಯಾಕ್ ಡೇವ್ ಕ್ರೀಗ್‌ನನ್ನು ಒಂದೇ ಪಂದ್ಯದಲ್ಲಿ ಏಳು ಸಲ ಕೆಡವಿದ. ಪಂದ್ಯದ ಕೊನೆಯ ಆಟ. ಕಾನ್ಸಾಸ್ ಸಿಟಿ ಮುಂದಿತ್ತು. ಥಾಮಸ್ ಎಂಟನೆಯ ಸಲ ನುಗ್ಗಿ ಕ್ರೀಗ್‌ನ ಮೈಮೇಲೆ ಕೈ ಹಾಕಿಯೂಬಿಟ್ಟ. ಕ್ರೀಗ್ ಹೇಗೋ ಕೊಸರಿಕೊಂಡು, ಸಮತೋಲ ಹಿಡಿದು, ದೂರದಲ್ಲಿದ್ದ ಪಾಲ್ ಸ್ಕಾನ್ಸಿಗೆ ಚೆಂಡು ಎಸೆದ. ಸ್ಕಾನ್ಸಿ ಹಿಡಿದ. ಸಿಯಾಟಲ್ 17, ಕಾನ್ಸಾಸ್ ಸಿಟಿ 16.